ಸ್ವರ್ಗಕ್ಕ ಬೆಂಕಿ, ನರಕಕ್ಕ ನೀರು: ಸೂಫಿಗಳು ಮತ್ತ ಕ್ರೈಸ್ತ ಅನುಭಾವಿಗಳು

ನಮ್ಮ ಧಾರವಾಡ ಕಡೆ ಸೂಫಿಗಳ ಮಾತು ತಗದ್ರ ಸಾಕು, ಐದು ನಿಮಿಷದಾಗ ಯಾರರೆ ಒಬ್ಬರು "ಎಲ್ಲಾ ಒಂದರಿ, ಹಾದಿ ಬ್ಯಾರೆ ಅಷ್ಟ" ಅಂತ ಹೇಳಿ ಮಾತು ಮುಗಿಸಿಬಿಡ್ತಾರ. ಹೇಳೋರ ಮನಸ್ಸು ಒಳ್ಳೇದ ಇರ್ತೈತಿ, ಈಗಿನ ದಿನಮಾನದಾಗಂತೂ ಅಷ್ಟರೆ ಹೇಳ್ತಾರಲ್ಲ ಅಂತ ಸಮಾಧಾನ ಆಗ್ತೈತಿ. ಆದ್ರ ನನಗ ಆ ಮಾತು ಸಾಲೂದಿಲ್ಲ. 922ರಾಗ ಬಗದಾದಿನಾಗ ಹಲ್ಲಾಜ ಅನ್ನೋ ಸೂಫಿನ್ನ ಕೊಂದ್ರು, 1310ರಾಗ ಪ್ಯಾರಿಸ್ಸಿನಾಗ ಮಾರ್ಗರೀತ್ ಪೊರೆತ್ ಅನ್ನೋ ಕ್ರೈಸ್ತ ಹೆಣ್ಮಗಳನ್ನ ಜೀವಂತ ಸುಟ್ರು, ಇಬ್ಬರೂ ತಾವಾಡಿದ ಮಾತು ವಾಪಸ್ ತಗೊಳ್ಳಲಿಲ್ಲ. ಜೀವಾ ಕೊಟ್ಟು ಹೇಳಿದ ಮಾತು ಏನಿತ್ತು ಅಂತ ಕೇಳೂದ ಬಿಟ್ಟು ಮೊದಲಾ ಇಬ್ಬರನ್ನೂ ಒಂದ ಚೀಲದಾಗ ಹಾಕಿ ಕಟ್ಟಿಬಿಡೂದು ಗೌರವ ಅಲ್ಲ ಅನ್ನಿಸ್ತೈತಿ. ಎಲ್ಲಿ ಕೂಡ್ತಾರ, ಎಲ್ಲಿ ಬ್ಯಾರೆ ಆಗ್ತಾರ, ಎರಡನ್ನೂ ನೋಡಬೇಕು.

ನಾ ಈ ಎರಡೂ ಧರ್ಮದಾಗ ಹುಟ್ಟಿದಾಂವ ಅಲ್ಲ. ನನ್ನಂಥೋರಿಗೆ ಇನ್ನೊಂದು ತೊಂದ್ರಿ ಐತಿ, ಅನುಭಾವ ಅಂದ ಕೂಡ್ಲೆ ನಮಗ ಅಲ್ಲಮ, ಅಕ್ಕ ನೆನಪಾಗ್ತಾರ, ಆಮ್ಯಾಲೆ ಯಾರನ್ನ ಓದಿದ್ರೂ "ಇದು ನಮ್ಮ ಶರಣರು ಹೇಳಿದ್ದ ಐತಲ್ಲ" ಅಂತ ಪೆನ್ಸಿಲ್ ತಗೊಂಡು ಗೀಟು ಹಾಕ್ಕೋತ ಹೋಗ್ತೀವಿ. ಹಂಗ ಓದಿದ್ರ ಅವ್ರು ನಮಗ ಹೊಸಾದೇನೂ ಹೇಳಾಕ ಆಗೂದಿಲ್ಲ. ಅದಕ್ಕ ಇಲ್ಲೆ ಶರಣರನ್ನ ಒಂಚೂರು ಬದಿಗಿಟ್ಟು ಸೂಫಿಗಳನ್ನ, ಕ್ರೈಸ್ತ ಅನುಭಾವಿಗಳನ್ನ ಎದುರಾಬದರಾ ಕೂಡಿಸಿ ನೋಡ್ತೀನಿ.

ಶುರು ಮಾಡೂದು ರಾಬಿಯಾನಿಂದ. ಇರಾಕದ ಬಸ್ರಾ ಊರಿನಾಕಿ, ಎಂಟನೇ ಶತಮಾನದಾಗ ಇದ್ದಾಕಿ, ಒಂದು ಕಾಲಕ್ಕ ಗುಲಾಮಳಾಗಿದ್ಲು ಅಂತ ಹೇಳ್ತಾರ. ಆಕಿ ಹೆಸರಿನ ಮ್ಯಾಲೆ ಒಂದು ಪ್ರಾರ್ಥನಾ ಐತಿ, ಅದರ ತಾತ್ಪರ್ಯ ಇಷ್ಟ: ದೇವರೇ, ನರಕದ ಅಂಜಿಕಿಗೆ ನಿನ್ನ ಪೂಜಾ ಮಾಡಿದ್ರ ನನ್ನ ಆ ನರಕದಾಗ ಸುಡು, ಸ್ವರ್ಗದ ಆಸೆಕ್ಕ ಮಾಡಿದ್ರ ಸ್ವರ್ಗದ ಬಾಗಲಾ ಮುಚ್ಚು, ನಿನಗೋಸ್ಕರನ ಮಾಡಿದ್ರ ಮಾತ್ರ ನಿನ್ನ ರೂಪ ನನ್ನಿಂದ ಮುಚ್ಚಿಡಬ್ಯಾಡ. ಅದರ ಜೋಡಿ ಒಂದು ಕಥಿನೂ ಐತಿ, ಆಕಿ ಒಂದು ಕೈಯಾಗ ಬೆಂಕಿ, ಇನ್ನೊಂದು ಕೈಯಾಗ ನೀರು ಹಿಡ್ಕೊಂಡು ಓಡ್ತಿದ್ಲಂತ, ಎಲ್ಲಿಗೆ ಹೊಂಟಿ ಅಂತ ಕೇಳಿದ್ರ, ಸ್ವರ್ಗಕ್ಕ ಬೆಂಕಿ ಹಚ್ತೀನಿ, ನರಕ ನೀರು ಹಾಕಿ ಆರಸ್ತೀನಿ, ಆಮ್ಯಾಲೆ ನೋಡೂಣು ದೇವ್ರನ್ನ ಸುಮ್ಮನ ಯಾರು ಪ್ರೀತಿ ಮಾಡ್ತಾರ ಅಂತ ಅಂದ್ಲಂತ.

ಈಗ ಕೇಳ್ರಿ ಇದರ ಪ್ರಯಾಣ. ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಮುಸ್ಲಿಮರ ಮ್ಯಾಲಿನ ಕ್ರುಸೇಡ್ ಯುದ್ಧಕ್ಕ ಬಂದು ಸೋತು ಸೆರಿ ಸಿಕ್ಕು ಬಿಡುಗಡಿ ಆಗಿ 1250ರಿಂದ ಮುಂದ ಕೆಲವು ವರ್ಷ ಪ್ಯಾಲೆಸ್ತೀನದ ಕರಾವಳಿಯೊಳಗನ ಇದ್ದ. ಅವನ ಜೋಡಿ ಇದ್ದ ಜ್ವಾನ್‌ವಿಲ್ ಅನ್ನೋ ಸರದಾರ ಮುಂದ ವಯಸ್ಸಾದಮ್ಯಾಲೆ, 1309ರ ಹೊತ್ತಿಗೆ, ಅದನ್ನೆಲ್ಲಾ ಬರದಿಟ್ಟ. ಅದರಾಗ ಅಂವ ಹೇಳ್ತಾನ, ರಾಜನ ಕಡಿಯಿಂದ ಡಮಾಸ್ಕಸ್‌ಕ್ಕ ಹೋದ ರಾಯಭಾರಿಗಳ ಜೋಡಿ ಇವ್ ಅನ್ನೋ ಒಬ್ಬ ಡೊಮಿನಿಕನ್ ಸನ್ಯಾಸಿ ಇದ್ದ, ಅರಬ್ಬಿ ಬರ್ತಿತ್ತು, ಅಂವಗ ಅಲ್ಲಿ ಓಣಿಯಾಗ ಒಬ್ಬಾಕಿ ಮುದುಕಿ ಕಂಡ್ಲು, ಬಲಗೈಯಾಗ ಬೆಂಕಿ ಬಟ್ಲ, ಎಡಗೈಯಾಗ ನೀರಿನ ಶೀಸೆ. ಇದು ಯಾತಕ್ಕ ಅಂತ ಕೇಳಿದ್ರ ಅದ ಉತ್ತರ. ರಾಬಿಯಾ ಸತ್ತು ಆಗ ನಾಕುನೂರಾ ಐವತ್ತು ವರ್ಷದ ಹತ್ರ ಆಗಿತ್ತು! ಅಂದ್ರ ಆ ಸನ್ಯಾಸಿ ಊರ ಮಂದಿ ಬಾಯಾಗಿದ್ದ ಕಥಿ ಕೇಳಿದ್ನೋ, ಅಥವಾ ಖರೇನ ಯಾರೋ ಒಬ್ಬಾಕಿ ಆಕಿ ಹಾದಿ ಹಿಡದು ಹಂಗ ಅಡ್ಡಾಡ್ತಿದ್ಲೋ, ಏನರೆ ಇರಲಿ, ಒಬ್ಬರನ್ನೊಬ್ಬರು ಕಡದು ಹಾಕೋ ಯುದ್ಧದ ನಡುವ ಇದೊಂದು ಮಾತು ಆ ಕಡಿಯಿಂದ ಈ ಕಡಿಗೆ ದಾಟಿ ಬಂತು. ಹದಿನೇಳನೇ ಶತಮಾನದಾಗ ಜ್ಯಾನ್ ಪಿಯೇರ್ ಕಾಮ್ಯು ಅನ್ನೋ ಫ್ರೆಂಚ್ ಬಿಷಪ್ ಇದ ಹೆಣ್ಮಗಳನ್ನ ನಡುವ ಇಟ್ಟು ಶುದ್ಧ ಪ್ರೀತಿ ಅಂದ್ರೇನು ಅಂತ ಒಂದು ಪುಸ್ತಕನ ಬರದ, ಹಿಂಗಾಗಿ ಬಸ್ರಾದ ಮುಸ್ಲಿಂ ಹೆಣ್ಮಗಳು ಕ್ಯಾಥೊಲಿಕ್ಕರಿಗೆ ದೇವ್ರ ಪ್ರೀತಿ ಪಾಠಾ ಹೇಳಿದಂಗಾತು. ಸಂಪರ್ಕ ಇತ್ತು ಅನ್ನೂದಕ್ಕ ಇದಕ್ಕಿಂತ ಚಂದ ಪುರಾವೆ ನನಗ ಗೊತ್ತಿಲ್ಲ.

ಪೊರೆತ್ ಬರದಿದ್ದೂ ಇದರ ಹತ್ರನ ಬರ್ತೈತಿ. ಆಕಿ ಬೆಗೀನ್ ಅನ್ನೋ ಗುಂಪಿನಾಕಿ, ಅಂದ್ರ ಮಠಕ್ಕ ಸೇರದ, ಲಗ್ನಾನೂ ಆಗದ ತಮ್ಮಷ್ಟಕ್ಕ ತಾವು ದೇವ್ರ ಧ್ಯಾನ, ಬಡವರ ಸೇವಾ ಮಾಡ್ಕೊಂಡು ಇರೋ ಹೆಣ್ಮಕ್ಕಳು. ತನ್ನ ಆಡುಮಾತು ಫ್ರೆಂಚಿನಾಗ ಬರದ್ಲು. ಪ್ರೀತಿಯೊಳಗ ಪೂರ್ತಿ ಇಲ್ಲದಂಗಾದ ಆತ್ಮಕ್ಕ ಸ್ವರ್ಗನೂ ಬ್ಯಾಡ, ನರಕದ ಅಂಜಿಕಿನೂ ಇಲ್ಲ ಅಂತ ಬರದ್ಲು. ಬಿಷಪ್ ಪುಸ್ತಕಾ ಸುಡಿಸಿದ, ಮತ್ತ ಹಂಚಬ್ಯಾಡ ಅಂದ, ಆಕಿ ಮತ್ತ ಹಂಚಿದ್ಲು. ವಿಚಾರಣೆಯಾಗ ಪ್ರಮಾಣಾ ಮಾಡಾಕ ಒಪ್ಪಲಿಲ್ಲ, ಬಾಯಿನ ಬಿಡಲಿಲ್ಲ. ಆಕಿನ್ನ ಸುಟ್ಟಮ್ಯಾಲೂ ಆ ಪುಸ್ತಕ ಆಕಿ ಹೆಸರ ಇಲ್ಲದಂಗ ಮಠದಿಂದ ಮಠಕ್ಕ ಕೈ ಬದಲಾಗ್ಕೋತ ಹೋತು, ಯಾರು ಬರದಿದ್ದು ಅಂತ ಗೊತ್ತಿಲ್ಲದ ಸನ್ಯಾಸಿಗಳು ಭಕ್ತಿಲೇ ಓದಿದ್ರು, 1946ರಾಗ ರೊಮಾನಾ ಗ್ವಾರ್ನಿಯೆರಿ ಅನ್ನೋ ವಿದ್ವಾಂಸೆ ಇದು ಅದ ಪೊರೆತ್‌ನ ಪುಸ್ತಕ ಅಂತ ಗುರ್ತು ಹಿಡಿಯೋತನಕ. ಆರುನೂರು ವರ್ಷಕ್ಕಿಂತ ಜಾಸ್ತಿ ಆಕಿ ಹೆಸರ ಇರಲಿಲ್ಲ ತನ್ನ ಪುಸ್ತಕದ ಮ್ಯಾಲೆ. ನಾನು ಅನ್ನೋದು ಹೋಗಬೇಕು ಅಂತ ಬರದಾಕಿಗೆ ಅದ ಆತು, ಆದ್ರ ಆಕಿನ್ನ ಸುಟ್ಟೋರಿಗೆ ಆ ಮಾತಿನಿಂದ ಯಾವ ಮಾಫಿನೂ ಸಿಗೂದಿಲ್ಲ.

ಆಮ್ಯಾಲೆ ಕಣ್ಣಿನ ಮಾತೊಂದು. ಬುಖಾರಿ ಸಂಗ್ರಹದಾಗ ಒಂದು ಹದೀಸ್, ಅಂದ್ರ ಪೈಗಂಬರರು ಹೇಳಿದ ಮಾತು, ಐತಿ, ಸೂಫಿಗಳು ಸಾವಿರ ಸಲ ಹೇಳಿದ್ದು. ದೇವ್ರು ಹೇಳ್ತಾನ, ನನ್ನ ಭಕ್ತ ಕಡ್ಡಾಯ ಇದ್ದದ್ದಕ್ಕಿಂತ ಹೆಚ್ಚಿನ ಭಕ್ತಿ ಮಾಡ್ಕೋತ ಹತ್ರ ಬರ್ತಾನ, ನಾ ಅವನ್ನ ಪ್ರೀತಿಸಾಕ ಹತ್ತಿದಾಗ ಅವ ಕೇಳೋ ಕಿವಿ ನಾ ಆಗ್ತೀನಿ, ನೋಡೋ ಕಣ್ಣು ನಾ ಆಗ್ತೀನಿ, ಹಿಡಿಯೋ ಕೈ ನಾ ಆಗ್ತೀನಿ. ಜರ್ಮನಿಯ ಮೈಸ್ಟರ್ ಎಕಾರ್ಟ್ ತನ್ನ ಒಂದು ಪ್ರವಚನದಾಗ ಹೇಳ್ತಾನ, ನಾ ಯಾವ ಕಣ್ಣಿಂದ ದೇವ್ರನ್ನ ನೋಡ್ತೀನೋ ಅದ ಕಣ್ಣಿಂದ ದೇವ್ರು ನನ್ನ ನೋಡ್ತಾನ ಅಂತ. ಎರಡೂ ಮಾತು ಒಂದರ ಕೆಳಗ ಒಂದು ಬರದು ನೋಡ್ರಿ, ಮೈ ಜುಂ ಅಂತೈತಿ. ಎಕಾರ್ಟ್ ಏನ್ ಸಣ್ಣ ಮನಶಾ ಅಲ್ಲ, ಡೊಮಿನಿಕನ್ನರ ದೊಡ್ಡ ಗುರು, ಪ್ಯಾರಿಸ್ಸಿನಾಗ ಪಾಠಾ ಹೇಳಿದಾಂವ, ಅಂಥಾಂವನ 28 ಮಾತುಗಳನ್ನ ತಪ್ಪು ಅಥವಾ ಅನುಮಾನದ್ದು ಅಂತ ಪೋಪ್ 1329ರಾಗ ಫರ್ಮಾನು ಹೊರಡಿಸಿದ, ಅಷ್ಟರಾಗ ಅಂವ ತೀರಿಕೊಂಡಿದ್ದ.

ಇದೆಲ್ಲಾ ಎಲ್ಲೋ ದೂರದ ಬಗದಾದು, ಜರ್ಮನಿ ಸುದ್ದಿ ಅಂತ ಅನ್ನಿಸಬಹುದು. ಅಲ್ಲ. ಎರಡೂ ನಮ್ಮ ಊರಿಗೆ ಬಂದಾವು, ಅದನ್ನ ಹೇಳಾಕನ ನಾ ಇದನ್ನ ಬರಿಯಾಕ ಕೂತಿದ್ದು.

ಶಿಗ್ಗಾಂವಿ ತಾಲೂಕಿನ ಹುಲಗೂರಿನ ದರ್ಗಾ ನಮ್ಮ ಕಡೆಯೋರಿಗೆ ಗೊತ್ತ ಐತಿ. ಅಲ್ಲಿಯ ಹಜರೇಶಾ ಖಾದ್ರಿ ಅವ್ರನ್ನ ಬೇಡಿಕೊಂಡ ಮ್ಯಾಲೆ ಶಿಶುನಾಳ ಶರೀಫರು ಹುಟ್ಟಿದ್ರು ಅಂತ ನಂಬಿಕಿ, ಶರೀಫರ ತಂದಿ ಅವ್ರ ಶಿಷ್ಯ ಅಂತನೂ ಹೇಳ್ತಾರ. ಆ ಖಾದ್ರಿ ಅನ್ನೋ ಹೆಸರು ಬಗದಾದಿನ ಅಬ್ದುಲ್ ಖಾದಿರ್ ಜೀಲಾನಿ ಅವ್ರ ಸಿಲ್ಸಿಲಾದ್ದು, 1166ರಾಗ ತೀರಿಕೊಂಡ ಮಹಾತ್ಮ ಅವ್ರು. ಗುರುವಿನ ಕೈ ಶಿಷ್ಯ ಹಿಡದು, ಆ ಶಿಷ್ಯನ ಕೈ ಇನ್ನೊಬ್ಬ ಹಿಡದು, ಹಿಂಗ ಕೈಯಿಂದ ಕೈಗೆ ದಾಟಿ ಹುಲಗೂರಿನಂಥಾ ಸಣ್ಣ ಊರಿಗೆ ಬಂತು.

ಇನ್ನೊಂದು ಧಾರವಾಡಕ್ಕ ಬಂದ ಬಾಸೆಲ್ ಮಿಶನ್. 1834ರಾಗ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ. ನಮಗ ಬಾಸೆಲ್ ಮಿಶನ್ ಅಂದ್ರ ಸಾಲಿ ಗೊತ್ತು, ಕಿಟೆಲ್ ಅವ್ರ ಡಿಕ್ಷನರಿ ಗೊತ್ತು, ಮಂಗಳೂರು ಹಂಚು ಗೊತ್ತು, ಆದ್ರ ಅವ್ರ ಒಳಗಿನ ಭಕ್ತಿ ಎಂಥಾದಿತ್ತು ಅಂತ ಯಾರೂ ಕೇಳೂದಿಲ್ಲ. ಅವ್ರೊಳಗ ಭಾಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮಿಯ ಪಯಟಿಸ್ಟ್ ಮನಿತನದೋರು. ಬರೇ ಚರ್ಚಿಗೆ ಹೋಗಿ ಬಂದ್ರ ಆಗೂದಿಲ್ಲ, ಒಳಗ ಮನಶಾ ಬದಲಾಗಬೇಕು, ಹೃದಯದಾಗ ಯೇಸು ಹುಟ್ಟಬೇಕು ಅನ್ನೋ ಮಂದಿ, ಮನಿಯಾಗ ಸಣ್ಣ ಗುಂಪು ಕೂತು ಬೈಬಲ್ ಓದೋ ಮಂದಿ. ಆ ಮನಿಗೋಳಾಗ ಬೈಬಲ್ ಬಾಜೂಕ ಇರ್ತಿದ್ದ ಪುಸ್ತಕ ಅಂದ್ರ ಯೊಹಾನ್ ಆರ್ಂಟ್ ಅನ್ನೋ ಪಾದ್ರಿ 1605ರಿಂದ ಮುಂದ ಬರದ 'ನಿಜ ಕ್ರೈಸ್ತಧರ್ಮ'. ಆರ್ಂಟ್ ಅದರೊಳಗ ತಗೊಂಡಿದ್ದು ಯೊಹಾನ್ ಟೌಲರ್ ಅವ್ರಿಂದ, ಟೌಲರ್ ಕಲ್ತಿದ್ದು ಎಕಾರ್ಟ್‌ನ ಬೋಧನಿಯಿಂದ. ಅಂದ್ರ ಪೋಪ್ ಬ್ಯಾಡ ಅಂದ ಎಕಾರ್ಟ್‌ನ ನೀರು ಐದುನೂರು ವರ್ಷ ನೆಲದೊಳಗ ಹರದು, ನಡುವ ಲೂಥರ್‌ನ ಕಾಲಾ ದಾಟಿ, ಎಷ್ಟೋ ತೆಳ್ಳಗಾಗಿ, ಎಷ್ಟೋ ಬಣ್ಣಾ ಬದಲಾಗಿ, ಧಾರವಾಡದ ಕರಿ ಮಣ್ಣಿಗೆ ಬಂತು. ಆ ಪಾದ್ರಿಗಳಿಗೆ ಎಕಾರ್ಟ್ ಹೆಸರು ಗೊತ್ತಿತ್ತೋ ಇಲ್ಲೋ ಅದು ಬ್ಯಾರೆ ಪ್ರಶ್ನೆ. ಅವ್ರು ಧಾರವಾಡದಾಗ ಹಾಡು ಕಲಿಸ್ಕೋತ ಇದ್ದಾಗ ಶರೀಫರು ಅಲ್ಲೇ ಅತ್ಲಾಗಿನ ಹಳ್ಳಿಗೋಳಾಗ ತಮ್ಮ ಗುರು ಗೋವಿಂದಭಟ್ಟರ ಹಿಂದ ತಿರಗ್ತಿದ್ರು (ಶರೀಫರ ಕಾಲ 1819ರಿಂದ 1889). ಒಂದ ಸೀಮಿಯಾಗ, ಒಂದ ಶತಮಾನದಾಗ, ಎರಡೂ ಇದ್ವು. ಮಿಶನ್ನಿನೋರಿಗೆ ಹಿಂತಾ ಸಾಧುಗಳು ದಾರಿ ತಪ್ಪಿದೋರು ಅನ್ನೋ ಲೆಕ್ಕದಾಗನ ಕಾಣ್ತಿದ್ರು, ಅದು ಆ ಕಾಲದ ಮಿಶನರಿಗಳ ಕಣ್ಣು. ನನಗ ಅದು ಭಾಳ ನೋವಿನ ಸಂಗತಿ, ಯಾಕಂದ್ರ ಎರಡೂ ಕಡೆ ಒಳಗಿನ ಬಾಯಾರಿಕಿ ಒಂದ ಥರದ್ದಿತ್ತು.

ಇಲ್ಲೀತನಕ ಕೂಡೋ ಮಾತಾತು. ಈಗ ಬ್ಯಾರೆ ಆಗೋದು.

ನಮ್ಮ ಹಳ್ಳಿಗೋಳಾಗ ಮೊಹರಂ ನೋಡಿದೋರಿಗೆ ಗೊತ್ತು, ಮುಸ್ಲಿಮರ ಒಂದ ಮನಿ ಇಲ್ಲದ ಊರಾಗೂ ಡೋಲಿ ಕೂಡಿಸ್ತಾರ, ಪಂಜಾ ಹಿಡಿತಾರ, ಆಲಾವಿ ಕುಣಿ ಸುತ್ತ ಹೆಜ್ಜಿ ಹಾಕ್ತಾರ, ರಿವಾಯತ್ ಪದ ಹಾಡ್ತಾರ. ಶರೀಫರೂ ಅಂಥಾ ಪದ ಕಟ್ಟ್ಯಾರ. ಇಸ್ವಿ 680ರಾಗ ಕರ್ಬಲಾದಾಗ ನೀರಿಲ್ಲದ ಸತ್ತ ಹುಸೇನರಿಗೋಸ್ಕರ ನಮ್ಮ ರೈತ ಕಣ್ಣೀರು ಹಾಕ್ತಾನ. ಅದ ಧಾರವಾಡದಾಗ ಶುಭ ಶುಕ್ರವಾರ ಚರ್ಚಿನೊಳಗ ಹೋಗಿ ಕುಂದರ್ರಿ, ಮಧ್ಯಾಹ್ನ ಹನ್ನೆರಡರಿಂದ ಮೂರರತನಕ ಶಿಲುಬಿ ಮ್ಯಾಲಿಂದ ಯೇಸು ಆಡಿದ ಏಳು ಮಾತು ಒಂದೊಂದಾಗಿ ಹೇಳ್ತಾರ, ಅಲ್ಲೂ ಅಳ್ತಾರ. ಹೊರಗಿಂದ ನೋಡಿದ್ರ ಒಂದ ಅಳು ಅನ್ನಿಸ್ತೈತಿ. ಆದ್ರ ಹುಸೇನರು ಸತ್ತದ್ದು ಸತ್ಯಕ್ಕೋಸ್ಕರ ಒಬ್ಬ ಮನಶಾ ಸತ್ತದ್ದು, ಎಷ್ಟ ದೊಡ್ಡ ಮನಶಾ ಆದ್ರೂ. ಕ್ರೈಸ್ತರಿಗೆ ಶಿಲುಬಿ ಮ್ಯಾಲೆ ನರಳ್ತಿರಾಂವ ದೇವ್ರ. ಇಸ್ಲಾಮಿನೊಳಗ ದೇವ್ರು ನರಳೂದಿಲ್ಲ, ನರಳಾಕ ಆಗೂದಿಲ್ಲ, ಅವ ಯಾರಿಂದನೂ ಹುಟ್ಟಿಲ್ಲ, ಅವನಿಗೆ ಸಾಟಿ ಯಾರೂ ಇಲ್ಲ, ಮತ್ತ ಈಸಾ ಪೈಗಂಬರರನ್ನ ಶಿಲುಬಿಗೆ ಏರಿಸಲೇ ಇಲ್ಲ ಅಂತ ಕುರಾನು ಹೇಳ್ತೈತಿ. ಇದು ಸಣ್ಣ ಫರಕ್ ಅಲ್ಲರಿ. ಅನುಭಾವದ ದಿಕ್ಕನ್ನ ತಿರುವಿಬಿಡ್ತೈತಿ.

ಇಂಗ್ಲೆಂಡಿನ ನಾರ್ವಿಚ್ ಊರಾಗ ಜೂಲಿಯನ್ ಅನ್ನಾಕಿ 1373ರಾಗ, ಮೂವತ್ತು ವರ್ಷದಾಕಿ ಇದ್ದಾಗ, ಜಡ್ಡಾಗಿ ಸಾಯೂ ಹಂತಕ್ಕ ಬಂದ್ಲು, ಪಾದ್ರಿ ಬಂದು ಆಕಿ ಕಣ್ಣ ಮುಂದ ಶಿಲುಬಿ ಹಿಡದ. ಆ ಶಿಲುಬಿ ಮ್ಯಾಲಿನ ಮುಳ್ಳಿನ ಕಿರೀಟದ ಕೆಳಗಿಂದ ರಕ್ತ ಹರಿಯೂದು ಆಕಿಗೆ ಕಂಡ್ತು. ಆಕಿ ಬದುಕಿ ಉಳದು ಮುಂದ ಚರ್ಚಿಗೆ ಹತ್ತಿದ ಒಂದು ಖೋಲಿಯಾಗ ಇದ್ದುಕೊಂಡು ಆ ದರ್ಶನದ ಅರ್ಥಾ ಏನು ಅಂತ ವರ್ಷಗಟ್ಟಲೆ ಕೂತು ಬರದ್ಲು. ಆಕಿಗೆ ದೇವ್ರು ಸಿಕ್ಕಿದ್ದು ಮ್ಯಾಲೆ ಏರಿ ಅಲ್ಲ, ಗಾಯಾ ನೋಡಿ. ದೇವ್ರ ಇಳದು ಬಂದು ತನ್ನ ನೋವಿನಾಗ ಪಾಲು ತಗೊಂಡ ಅಂತ. ಹಲ್ಲಾಜನ ಗಲ್ಲು ಬ್ಯಾರೆ. ಹತ್ತಿ ಹಿಂಜೂ ಮನಿತನದಾಂವ ಅಂವ, ನಮ್ಮ ಕಡೆ ನದಾಫರು ಇರ್ತಾರಲ್ಲ ಹಂಗ. "ನಾನೇ ಸತ್ಯ" ಅಂದ, ಆ ಮಾತಿನಾಗ ನಾನು ಅನ್ನಾಂವ ಹಲ್ಲಾಜ ಅಲ್ಲ, ಹಲ್ಲಾಜ ಖಾಲಿ ಆದ ಜಾಗಾದಾಗ ದೇವ್ರ ಮಾತಾಡಿದ ಅಂತ ಸೂಫಿಗಳು ಹೇಳ್ತಾರ. ಇಲ್ಲಿ ನೋವು ಪ್ರೇಮಿದು, ದೇವ್ರದ್ದಲ್ಲ. ಮನಶಾ ಅಳಿತಾನ, ದೇವ್ರು ಉಳಿತಾನ.

ಒಂದು ಕಡೆ ಮನಶಾ ಇಲ್ಲದಂಗ ಆಗೋದು, ಇನ್ನೊಂದು ಕಡೆ ದೇವ್ರ ಮನಶಾ ಆಗೋದು. ನನಗ ತಿಳಿದ ಮಟ್ಟಿಗೆ ಮೂಲ ಫರಕ್ ಇದ.

ಆದ್ರ ಇಲ್ಲೂ ಗೀಟು ನೆಟ್ಟಗ ಹೋಗೂದಿಲ್ಲ. ಸ್ಪೇನಿನ ಅವಿಲಾದ ತೆರೇಸಾ 1577ರಾಗ ಬರದ ಪುಸ್ತಕದಾಗ ಆತ್ಮ ಅಂದ್ರ ಏಳು ಅಂಕಣದ ಕೋಟಿ ಅಂತಾಳ, ಏಳನೇದರಾಗ ರಾಜ ಅದಾನ. ಅಲ್ಲಿಗೆ ಮುಟ್ಟಿದ ಮ್ಯಾಲೆ ಆಗೋ ಐಕ್ಯ ಆಕಾಶದ ಮಳಿ ಹೊಳಿಗೆ ಬಿದ್ದಂಗ, ಯಾವುದು ಮಳಿ ನೀರು ಯಾವುದು ಹೊಳಿ ನೀರು ಬಿಡಿಸಾಕ ಬರೂದಿಲ್ಲ ಅಂತ ಆಕಿನ ಹೇಳ್ಯಾಳ. ಇದು ಸೂಫಿಗಳು ಹೇಳೋ ಫನಾ, ಅಂದ್ರ ದೇವ್ರೊಳಗ ತಾನು ಇಲ್ಲದಂಗಾಗೋದು, ಅಲ್ಲದ ಮತ್ತೇನು? ಇನ್ನ ಬಗದಾದಿನ ಜುನೈದರು, 910ರಾಗ ತೀರಿಕೊಂಡೋರು, ಹಲ್ಲಾಜನಂಗ ಬೀದಿಯಾಗ ನಿಂತು ಕೂಗೂದು ಒಪ್ಪಲಿಲ್ಲ, ಕಳಕೊಂಡ ಮ್ಯಾಲೆ ಎಚ್ಚರಕ್ಕ ಬರಬೇಕು, ವಾಪಸ್ ಮಂದಿಯೊಳಗ ಬಂದು ಬದುಕಬೇಕು ಅಂದ್ರು, ಅವ್ರು ಅಂಗಡಿ ಇಟ್ಟುಕೊಂಡಿದ್ದ ವ್ಯಾಪಾರಸ್ಥರು. ತೆರೇಸಾನೂ ಏಳನೇ ಅಂಕಣದಾಗ ಕುಂತು ಕಣ್ಮುಚ್ಚಿರಿ ಅನ್ನೂದಿಲ್ಲ, ಕೆಲಸಾ ಮಾಡ್ರಿ ಅಂತಾಳ, ಅಲ್ಲಿಗೆ ಹೋಗೂದ ಕೆಲಸಕ್ಕೋಸ್ಕರ ಅಂತಾಳ. ಆಕಿನೂ ಎತ್ತಿನ ಗಾಡಿಯಂಥಾ ಗಾಡಿಯಾಗ ಸ್ಪೇನ್ ತುಂಬ ತಿರುಗಿ ಮಠಾ ಕಟ್ಟಿದಾಕಿ. ಇಂಥಲ್ಲೆ ಜುನೈದರೂ ತೆರೇಸಾನೂ ಎದುರಾಬದರಾ ಕೂತ್ರ ಭಾಷಾಂತರಕಾರ ಬೇಕಾಗ್ತಿರಲಿಲ್ಲ ಅನ್ನಿಸ್ತೈತಿ. ಏಳು ಕೋಟಿಗಳ ಈ ಕಲ್ಪನಾ ಒಂಬತ್ತನೇ ಶತಮಾನದ ಬಗದಾದಿನ ನೂರಿ ಅನ್ನೋ ಸೂಫಿಯ ಬರಹದಾಗೂ ಐತಿ ಅಂತ ಲೂಸ್ ಲೋಪೆಜ್ ಬರಾಲ್ಟ್ ಅನ್ನೋ ವಿದ್ವಾಂಸೆ ತೋರಿಸ್ಯಾರ. ಸ್ಪೇನಿನಾಗ ಮುಸ್ಲಿಮರು ಎಂಟುನೂರು ವರ್ಷದ ಹತ್ರ ಇದ್ರು, ಹಂಗಾಗಿ ತೆರೇಸಾನ ಕಿವಿಗೆ ಎಲ್ಲಿಂದರೆ ಬಿದ್ದಿತ್ತೋ ಏನೋ, ಸಾಬೀತಂತೂ ಆಗಿಲ್ಲ. ಆಕಿ ಗೆಳೆಯ ಶಿಲುಬೆಯ ಯೋಹಾನನ, ದೇವ್ರು ಮರೆಯಾದಂಗ ಅನ್ನಿಸೋ ಕತ್ತಲ ರಾತ್ರಿಯ ಮಾತಿಗೂ ರೋಂಡಾ ಊರಿನ ಇಬ್ನ್ ಅಬ್ಬಾದ್ ಅನ್ನೋ ಸೂಫಿಗೂ ಸಂಬಂಧ ಐತಿ ಅಂತ ಅಸೀನ್ ಪಲಾಸಿಯೋಸ್ ಅನ್ನೋ ಕ್ಯಾಥೊಲಿಕ್ ಪಾದ್ರಿನ 1933ರಾಗ ಬರದ್ರು, ಅದನ್ನ ಒಪ್ಪದೋರೂ ಅದಾರ. ಯೋಹಾನನ್ನ ಅವನ ಪಂಥದ ಸನ್ಯಾಸಿಗಳ ತೊಲೆದೋ ಊರಾಗ ಕತ್ತಲ ಖೋಲಿಯೊಳಗ ತಿಂಗಳಾನುಗಟ್ಟಲೆ ಕೂಡಿಹಾಕಿದ್ರು, ಕೆಲವು ಪದ್ಯಾ ಅಲ್ಲೆ ತಲಿಯಾಗನ ಕಟ್ಟಿದ. ಆ ಕತ್ತಲಾ ಯಾರಿಂದನೂ ಕಡಾ ತಂದಿದ್ದಲ್ಲ.

ಇನ್ನೊಂದು ಫರಕ್, ಗುರು. ಸೂಫಿಗೆ ಪೀರ ಇಲ್ಲದ ಹಾದಿ ಇಲ್ಲ. ಕ್ರೈಸ್ತ ಅನುಭಾವಿಗೆ ಪಾಪನಿವೇದನೆ ಕೇಳೋ ಪಾದ್ರಿ ಇರ್ತಾನ, ತೆರೇಸಾಗೂ ಇದ್ರು, ಆದ್ರ ಆಕಿ ಕೈ ಹಿಡಿದಿದ್ದು ಯೇಸುಂದು. ಪಯಟಿಸ್ಟರಿಗಂತೂ ನಡುವ ಯಾರೂ ಬ್ಯಾಡ, ಪುಸ್ತಕ ಮತ್ತ ಹೃದಯ ಅಷ್ಟ. ಶರೀಫರು ಬ್ರಾಹ್ಮಣ ಗುರುವಿನ ಕಾಲು ಹಿಡದದ್ದು ಸೂಫಿ ಲೆಕ್ಕದಾಗ ಪೂರ್ತಿ ಸರಿ ಕೂಡ್ತೈತಿ, ಗುರು ಸಿಕ್ಕ ಮ್ಯಾಲೆ ಜಾತಿ ಕೇಳೂದೇನು. ಮಿಶನ್ನಿನ ಲೆಕ್ಕದಾಗ ಅದು ಕೂಡೂದ ಇಲ್ಲ.

ನಮ್ಮ ಓಣಿಯಾಗ ಒಬ್ಬರು ರಿಟೈರ್ಡ್ ಅಕ್ಕೋರು ಅದಾರ, ಮೂರು ತಲೆಮಾರಿಂದ ಚರ್ಚಿನೋರು, ಯಜಮಾನ್ರು ತೀರಿಕೊಂಡು ಕೆಲವು ವರ್ಷ ಆತು. ಅವ್ರಿಗೆ ನಾ ರಾಬಿಯಾನ ಬೆಂಕಿ ನೀರಿನ ಕಥಿ ಹೇಳಿದ್ದೆ. ಪೂರ್ತಿ ಕೇಳಿ ಅಂದ್ರು, "ಚಲೋ ಐತಿ ತಮ್ಮಾ. ಆದ್ರ ಸ್ವರ್ಗಕ್ಕ ಬೆಂಕಿ ಹಚ್ಚಬ್ಯಾಡ ಅಂತ ಹೇಳು ಆಕಿಗೆ. ನಮ್ಮ ಮನಿಯವ್ರು ಅಲ್ಲಿ ಅದಾರ."

ನಾ ಸುಮ್ಮನಾದೆ. ಇದಕ್ಕ ರಾಬಿಯಾನ ಕಡೆ ಉತ್ತರ ಐತೋ ಇಲ್ಲೋ ಅಂತ ಭಾಳ ವಿಚಾರ ಮಾಡೀನಿ. ಆಕಿ ಕೇಳ್ತಿದ್ದದ್ದು ದೇವ್ರಿಗೂ ನನಗೂ ನಡುವ ಬ್ಯಾರೆ ಆಸೆ ಇರಬಾರದು ಅಂತ, ಅದರಾಗ ಗಂಡನ ನೆನಪೂ ಒಂದು ಆಸೆನ ಆಗ್ತೈತಿ, ಲೆಕ್ಕ ಭಾಳ ಕಠಿಣ. ಅಕ್ಕೋರಿಗೆ ಸ್ವರ್ಗ ಅಂದ್ರ ಬಹುಮಾನ ಅಲ್ಲ, ಒಬ್ಬ ಮನಶಾ. ಮೈ ಸಮೇತ ಎದ್ದು ಬರ್ತೀವಿ ಅಂತ ನಂಬಿದ ಧರ್ಮದಾಗ ಬೆಳದೋರಿಗೆ ಅದು ಸಹಜ (ಇಸ್ಲಾಮಿನಾಗೂ ಆ ನಂಬಿಕಿ ಐತಿ, ರಾಬಿಯಾ ಅದನ್ನ ಇಲ್ಲ ಅಂದಿಲ್ಲ, ಆ ಕಡೆ ನೋಡೂದನ್ನಷ್ಟ ಬ್ಯಾಡ ಅಂದ್ಲು).

ಆಮ್ಯಾಲೆ ತೆರೇಸಾ ತನ್ನ ಜೀವನದ ಬಗ್ಗೆ ಬರದಿದ್ದು ಓದಾಕತ್ತಿದ್ದಾಗ ಮೂವತ್ತೆಂಟನೇ ಅಧ್ಯಾಯದಾಗ ಒಂದು ಸಾಲು ಸಿಕ್ತು. ಒಂದಿನ ಸಂಜಿಕಡೆ ಆಕಿಗೆ ತನ್ನನ್ನ ಸ್ವರ್ಗಕ್ಕ ಎತ್ತಿ ಒಯ್ದಂಗ ಅನ್ನಿಸ್ತಂತ, ಅಲ್ಲಿ ಮೊದಲು ಕಂಡೋರು ಯಾರಂದ್ರ ತನ್ನ ಅಪ್ಪ ಮತ್ತ ಅವ್ವ. ಕೋಟಿಯ ಏಳನೇ ಅಂಕಣ ನೋಡಿದಾಕಿ, ಮಳಿ ಹೊಳಿ ಕೂಡಿದ್ದನ್ನ ಬರದಾಕಿ, ಸ್ವರ್ಗದಾಗ ಮೊದಲು ಅಪ್ಪ ಅವ್ವನ್ನ ನೋಡಿದ್ಲು. ಅಕ್ಕೋರಿಗೆ ಹೇಳಿದೆ. ಒಂದು ಗಳಿಗಿ ಮಾತಾಡಲಿಲ್ಲ, ಆಮ್ಯಾಲೆ "ಆ ಪುಟ ಝೆರಾಕ್ಸ್ ಮಾಡ್ಸಿ ಕೊಡು, ಕನ್ನಡದಾಗ ನೀನ ಬರದುಕೊಡು, ದೊಡ್ಡ ಅಕ್ಷರದಾಗ" ಅಂದ್ರು. ಬರಿಯಾಕ ಹತ್ತೀನಿ.